ಕಾಲಡಿಯ ಬಿಸಿನೀರಿನ ಚೀಲ

ಚಳಿಗಾಲದ ಬೆಳಿಗ್ಗೆ ನಾನು ಕಾರು ಹತ್ತುವುದನ್ನು ನೋಡಲು ಇಸಳೂರಿನ ನಮ್ಮ ಓಣಿಯವರೆಲ್ಲ ಗೇಟಿಗೆ ಬಂದು ನಿಲ್ಲುತ್ತಾರೆ ಎಂದು ನಮ್ಮ ಮನೆಯವರು ಎಲ್ಲರ ಮುಂದೆ ಹೇಳುತ್ತಾರೆ. ಅದು ಸುಳ್ಳು. ಎದುರು ಮನೆಯ ಮೇಷ್ಟ್ರು ಒಂದು ದಿನ ಬೈಕಿಗೆ ಕಿಕ್ ಹೊಡೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತದ್ದು ಮಾತ್ರ ನಿಜ. ಕಿವಿ ಮುಚ್ಚುವ ಹಾಗೆ ಮಫ್ಲರು, ಅದರ ಮೇಲೆ ಸೆರಗು, ಕೈಗೆ ಉಣ್ಣೆಯ ಗವಸು, ಒಂದು ಕಂಕುಳಲ್ಲಿ ಕಷಾಯದ ಫ್ಲಾಸ್ಕು, ಇನ್ನೊಂದರಲ್ಲಿ ಬಿಸಿನೀರು ತುಂಬಿದ ರಬ್ಬರಿನ ಚೀಲ. ಇಷ್ಟೆಲ್ಲ ಹೊತ್ತುಕೊಂಡು ಹೊರಟವಳು ಹಿಮಾಲಯಕ್ಕೆ ಹೋಗುತ್ತಿರಲಿಲ್ಲ, ಯಲ್ಲಾಪುರಕ್ಕೆ ಹೋಗುತ್ತಿದ್ದಳು.

ನಾನು ಸರ್ಜನ್. ಜನ ಆಪರೇಷನ್ ಡಾಕ್ಟ್ರಮ್ಮ ಎನ್ನುತ್ತಾರೆ. ಮಂಗಳವಾರ ಸಿದ್ದಾಪುರ, ಗುರುವಾರ ಯಲ್ಲಾಪುರ, ಉಳಿದ ದಿನ ಶಿರಸಿ. ಸಣ್ಣ ಊರುಗಳ ಸಣ್ಣ ಆಸ್ಪತ್ರೆಗಳಲ್ಲಿ ಆಪರೇಷನ್ ಕೋಣೆ ಇರುತ್ತದೆ, ನರ್ಸುಗಳು ಇರುತ್ತಾರೆ, ರೋಗಿಗಳಂತೂ ಇದ್ದೇ ಇರುತ್ತಾರೆ. ಇರದೇ ಇರುವುದು ಕೊಯ್ಯುವವರು ಮತ್ತು ಅರಿವಳಿಕೆ ಕೊಡುವವರು. ಹಾಗಾಗಿ ನಾವಿಬ್ಬರೂ ಒಂದೇ ಕಾರಿನಲ್ಲಿ ಊರೂರು ತಿರುಗುತ್ತೇವೆ. ಅರಿವಳಿಕೆಯ ಡಾಕ್ಟರು ಮತ್ತಿಘಟ್ಟದ ಕಡೆಯ ಹುಡುಗ. ಹುಡುಗ ಎಂದೆ, ಅವನಿಗೂ ಈಗ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಕಾರು ಅವನದು, ಓಡಿಸುವುದೂ ಅವನೇ. ಪಕ್ಕದ ಸೀಟಿನಲ್ಲಿ ಕೂತು ಇಡೀ ದಾರಿ ಅವನಿಗೆ ಉಪದೇಶ ಮಾಡುವುದು ನನ್ನ ಪಾಲಿನ ಕೆಲಸ.

ಉಪದೇಶ ನನಗೆ ಸುಲಭವಾಗಿ ಬರುತ್ತದೆ. ಚಳಿಗಾಲದಲ್ಲಂತೂ ಇನ್ನೂ ಸುಲಭ. ಸರ್ಜನ್ ಆದವಳ ಕೈ ತಣ್ಣಗಿರಬಾರದು ಎನ್ನುವುದು ನಾನು ಎಲ್ಲರಿಗೂ ಹೇಳುವ ಮೊದಲ ಮಾತು. ತಣ್ಣಗಿನ ಕೈಯನ್ನು ಹೊಟ್ಟೆಯ ಮೇಲಿಟ್ಟರೆ ರೋಗಿ ಬೆಚ್ಚಿ ಹೊಟ್ಟೆಯನ್ನು ಬಿಗಿ ಹಿಡಿಯುತ್ತಾನೆ, ಆಮೇಲೆ ಒಳಗೆ ಏನಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೇ ಗವಸು. ಕಾಲು ತಣ್ಣಗಾದರೆ ಮೈಯೆಲ್ಲ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ಕೈಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಬಿಸಿನೀರಿನ ಚೀಲ. ಕಾರು ಹೊರಟ ಕೂಡಲೇ ಚಪ್ಪಲಿ ಬಿಚ್ಚಿ, ಚೀಲವನ್ನು ಕಾಲಡಿಗೆ ಹಾಕಿಕೊಂಡು, ಅದರ ಮೇಲೆ ಎರಡೂ ಪಾದ ಇಟ್ಟುಕೊಂಡು ಕೂತರೆ, ಹೊರಗೆ ಎಷ್ಟೇ ದಟ್ಟ ಕಾವಳ ಇಳಿದಿರಲಿ, ಎದುರಿನಿಂದ ಬರುವ ಲಾರಿಯ ದೀಪ ಕಾಣದೇ ಇರಲಿ, ನನಗೆ ಹಾಯಾಗಿರುತ್ತಿತ್ತು. ಲಾರಿಯ ಚಿಂತೆ ಅವನಿಗೆ.

ವರ್ಷಕ್ಕೊಮ್ಮೆ ಚಳಿ ಶುರುವಾಗುವ ಹೊತ್ತಿಗೆ ಯಾವುದಾದರೂ ಊರಿನ ಶಾಲೆಯಲ್ಲಿ ಹೆಂಗಸರನ್ನು ಸೇರಿಸಿ ನನ್ನಿಂದ ಚಳಿಗಾಲದ ಆರೋಗ್ಯದ ಬಗ್ಗೆ ಮಾತಾಡಿಸುತ್ತಾರೆ. ಈ ಸಲ ಇಡಗುಂದಿಯಲ್ಲಿ ಮಾತಾಡಿದೆ. ಒಡೆದ ಹಿಮ್ಮಡಿಗೆ ಮುರುಗಲ ಬೀಜದ ತುಪ್ಪ ಹಚ್ಚಿ, ಪೇಟೆಯ ಕ್ರೀಮಿಗೆ ದುಡ್ಡು ಹಾಕಬೇಡಿ ಎಂದಾಗ ಎಲ್ಲರೂ ತಲೆಯಾಡಿಸಿದರು, ಏಕೆಂದರೆ ಅದನ್ನು ಅವರು ಮೊದಲಿನಿಂದಲೂ ಮಾಡುತ್ತಿದ್ದರು. ಆಮೇಲೆ ನಾನು ದನಿ ಏರಿಸಿದೆ. ಸಕ್ಕರೆ ಕಾಯಿಲೆ ಇದ್ದವರು ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರಬಾರದು, ನಿಮ್ಮ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ನೀರು ಬಿಸಿ ಇದೆಯೋ ಇಲ್ಲವೋ ಮೊಣಕೈ ಅದ್ದಿ ನೋಡಿ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ ಎಂದೆ. ಕನ್ನಡಿಯ ಮಾತಿಗೆ ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಮುಖ ನೋಡಿಕೊಳ್ಳಲು ಕನ್ನಡಿ ಬೇಕು, ಕಾಲು ನೋಡಿಕೊಳ್ಳಲು ಬೇಡವೇ ಎಂದು ನಾನು ಗದರಿದೆ.

ನನಗೂ ಸಕ್ಕರೆ ಕಾಯಿಲೆ ಇದೆ. ಹತ್ತು ಹನ್ನೆರಡು ವರ್ಷಗಳಿಂದ ಇದೆ. ಇಡಗುಂದಿಯಲ್ಲಿ ಅದನ್ನು ನಾನು ಹೇಳಲಿಲ್ಲ, ಎಲ್ಲಿಯೂ ಹೇಳುತ್ತಿರಲಿಲ್ಲ. ನಮ್ಮ ಮನೆಯವರಿಗೆ ಗೊತ್ತು, ಅರಿವಳಿಕೆಯ ಡಾಕ್ಟರಿಗೆ ಗುಮಾನಿಯಿತ್ತು. ನನ್ನ ಸಕ್ಕರೆಯನ್ನು ನಾನೇ ನೋಡಿಕೊಳ್ಳುತ್ತಿದ್ದೆ, ಅಂದರೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಊರೂರು ತಿರುಗುವವಳಿಗೆ ಮಧ್ಯಾಹ್ನದ ಊಟಕ್ಕೆ ಹೊತ್ತುಗೊತ್ತು ಇಲ್ಲ, ಮಾತ್ರೆ ಕೆಲವು ದಿನ ಪರ್ಸಿನಲ್ಲೇ ಉಳಿಯುತ್ತಿತ್ತು. ನನ್ನ ರೋಗಿ ಹೀಗೆ ಹೇಳಿದ್ದರೆ ಅವರನ್ನು ನಾನು ಕುರ್ಚಿಯಿಂದ ಎಬ್ಬಿಸಿ ಕಳಿಸುತ್ತಿದ್ದೆ.

ಕಳಿಸದಿದ್ದರೂ ಬೈಯುತ್ತಿದ್ದೆ. ನನ್ನ ಬಾಯಿ ಜೋರು ಎನ್ನುವುದು ಮೂರೂ ತಾಲೂಕಿಗೆ ಗೊತ್ತು. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವಳು ನಾನು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾತು ಕಲಿತವಳು. ಸಮಾಧಾನ ಹೇಳುವಾಗ ನನಗೆ ಪುಸ್ತಕದ ಕನ್ನಡ ಬರುತ್ತದೆ. ಬೈಯಲು ಮಾತ್ರ ತವರಿನ ಮಾತೇ ಬೇಕು.

ಇಡಗುಂದಿಯ ಭಾಷಣ ಮುಗಿದ ಸ್ವಲ್ಪ ದಿನಕ್ಕೆ ಶಿರಸಿಯ ಆಸ್ಪತ್ರೆಗೆ ನನ್ನ ತವರಿನ ಕಡೆಯವರೇ ಒಬ್ಬರು ಬಂದರು. ಹಣೆಗೆ ಅಡ್ಡ ವಿಭೂತಿ, ಕೈತುಂಬ ಹಸಿರು ಬಳೆ, ನನಗಿಂತ ಏಳೆಂಟು ವರ್ಷ ದೊಡ್ಡವರು. ಜೊತೆಗೆ ಸೊಸೆ. ಕಾಲಿಗೆ ಸುತ್ತಿದ್ದ ಹಳೆಯ ಸೀರೆಯ ತುಂಡನ್ನು ಬಿಚ್ಚಿದರೆ ಪಾದದ ಹೊರ ಅಂಚು ಉದ್ದಕ್ಕೆ ಸುಟ್ಟು, ಚರ್ಮ ಕರಿದಾಗಿ, ಅಲ್ಲಲ್ಲಿ ಎದ್ದುಬಂದಿತ್ತು. ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರಂತೆ, ಸೊಸೆಯ ಜೊತೆ ಮಾತಾಡುತ್ತ ಕಾಲನ್ನು ಒಲೆಯ ಕಲ್ಲಿಗೆ ಒರಗಿಸಿದ್ದರಂತೆ, ಸುಟ್ಟ ವಾಸನೆ ಬಂದು ಸೊಸೆ ಕೂಗಿದಾಗಲೇ ಗೊತ್ತಾದದ್ದಂತೆ. ಎಷ್ಟು ವರ್ಷದಿಂದ ಸಕ್ಕರೆ ಎಂದು ಕೇಳಿದೆ. ಅವರಿಗೆ ಸರಿಯಾಗಿ ನೆನಪಿರಲಿಲ್ಲ.

ನನ್ನ ಕೋಣೆಯ ಬಾಗಿಲು ತೆರೆದೇ ಇರುತ್ತದೆ, ಹೊರಗೆ ಕಾಯುವವರು ಒಳಗೆ ಇಣುಕುತ್ತಾರೆ. ಅವರಿಗೂ ಕೇಳಲಿ, ಬುದ್ಧಿ ಬರಲಿ ಎನ್ನುವುದು ನನ್ನ ಲೆಕ್ಕ.

"ಅವ್ವಾ, ಈ ಕಾಲು ನಿಮಗ ಬ್ಯಾಡಾಗಿದ್ರ ಮೊದಲ ಹೇಳಬೇಕಿತ್ತು, ಕಡದ ಒಗೀತಿದ್ದೆ" ಎಂದೆ. "ಸುಡಾಕತ್ತಿದ್ದು ತಿಳೀಲಿಲ್ಲ ಅಂದ್ರ ಏನರ್ಥ? ಕಾಲು ನಿಮ್ಮದೋ, ಬಾಜೂ ಮನಿಯವರದೋ?"

ಬಾಗಿಲಲ್ಲಿ ನಿಂತವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಹೆಂಗಸು ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡು ತಲೆ ತಗ್ಗಿಸಿದರು. "ತಪ್ಪಾತ್ರೀ ಬಾಯಾರ" ಎಂದಷ್ಟೇ ಹೇಳಿದರು. ಅವರನ್ನು ದಾಖಲು ಮಾಡಿಕೊಂಡು, ಸತ್ತ ಚರ್ಮವನ್ನೆಲ್ಲ ತೆಗೆದೆ. ಗಾಯ ಶುದ್ಧವಾಗಿ ಕೆಂಪಗಾದ ಮೇಲೆ ತೊಡೆಯ ಚರ್ಮ ತೆಗೆದು ಕಾಲಿಗೆ ಕಸಿ ಮಾಡುವುದು ಎಂದು ಹೇಳಿದೆ. ಅದು ಕೂಡಿಕೊಂಡರೆ ಅವರು ನಡೆದಾಡುತ್ತಾರೆ. ಕೂಡಿಕೊಳ್ಳದಿದ್ದರೆ ಆ ವಯಸ್ಸಿನಲ್ಲಿ, ಆ ಸಕ್ಕರೆಯಲ್ಲಿ, ಪಾದವೇ ಹೋಗಬಹುದು. ಇದನ್ನೂ ಬಿಡಿಸಿ ಹೇಳಿದ್ದೆ, ಹೆದರಲಿ ಎಂದೇ.

ಅದೇ ದಿನಗಳಲ್ಲಿ ಮನೆಯಲ್ಲಿ ನಾನು ಬಿಸಿನೀರಿನ ಚೀಲದ ಬಗ್ಗೆ ಗೊಣಗಲು ಶುರುಮಾಡಿದ್ದೆ. ಮೊದಲಿನ ಹಾಗೆ ಬಿಸಿಯೇ ಹತ್ತುವುದಿಲ್ಲ, ರಬ್ಬರು ದಪ್ಪಗಾಗಿದೆ, ಕಾರು ಶಿರಸಿಯ ದೇವಿಕೆರೆ ದಾಟುವುದರೊಳಗೆ ಆರಿಹೋಗುತ್ತದೆ ಎಂದು ದಿನಾ ಒಂದು ದೂರು. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು, ನನ್ನ ದೂರುಗಳನ್ನು ಗಿರಾಕಿಗಳ ದೂರಿನಂತೆ ತಾಳ್ಮೆಯಿಂದ ಕೇಳುತ್ತಾರೆ. ಪೇಟೆಗೆ ಹೋಗಿ ಹೊಸ ಚೀಲ ತಂದರು.

ಎರಡು ದಿನ ಬಿಟ್ಟು "ಇದೂ ಬಿಸಿ ಹತ್ತವಲ್ದಾ?" ಎಂದು ಕೇಳಿದರು.

"ಅಂಗಡಿಯವ ಟೋಪಿ ಹಾಕ್ಯಾನ" ಎಂದೆ.

"ನಾ ಮುಟ್ಟಿ ನೋಡೀನಿ. ಕೈ ಇಡಾಕ ಆಗಂಗಿಲ್ಲ, ಅಷ್ಟ ಬಿಸಿ ಐತಿ."

"ನಿಮ್ಮ ಕೈ ಭಾಳ ಮೆತ್ತಗ ಐತಿ" ಎಂದು ನಾನು ನಕ್ಕೆ.

ಇಷ್ಟು ಹೇಳಿದ ಮೇಲೆ ಓದುವ ಯಾರಿಗಾದರೂ ಏನಾಗಿದೆ ಎಂದು ತಿಳಿದಿರುತ್ತದೆ. ನನಗೆ ತಿಳಿಯಲಿಲ್ಲ. ಬೇರೆ ಯಾರಾದರೂ ಬಂದು ಬಿಸಿನೀರಿನ ಚೀಲ ಬಿಸಿಯಾಗುತ್ತಿಲ್ಲ, ಗಂಡ ಮುಟ್ಟಿದರೆ ಸುಡುತ್ತದೆ ಎಂದು ಹೇಳಿದ್ದರೆ, ಮಾತು ಮುಗಿಯುವುದರೊಳಗೆ ನಿಮ್ಮ ಕಾಲಿನ ನರ ಸತ್ತಿದೆ ಎಂದು ಹೇಳುತ್ತಿದ್ದೆ. ನನ್ನ ಕಾಲಿನ ವಿಷಯದಲ್ಲಿ ನಾನು ಅಂಗಡಿಯವನನ್ನು ಹಿಡಿದುಕೊಂಡೆ.

ಒಂದು ಗುರುವಾರ ಬಹಳ ಚಳಿಯಿತ್ತು. ಕೆಟಲಿನಲ್ಲಿ ಕುದಿಯುತ್ತಿದ್ದ ನೀರನ್ನು ತಣಿಸದೆ ಹಾಗೆಯೇ ಚೀಲಕ್ಕೆ ಹೊಯ್ದೆ. ಚೀಲಕ್ಕೆ ನಾನೇ ಹೊಲಿದ ಬಟ್ಟೆಯ ಹೊದಿಕೆ ಇತ್ತು, ಬಿಸಿ ತಡೆಯುವುದು ಅದೇ ಎಂದು ಅದನ್ನೂ ತೆಗೆದು ಮನೆಯಲ್ಲೇ ಬಿಟ್ಟೆ. ಕಾರಿನಲ್ಲಿ ಕಾಲ್ಚೀಲದ ಕಾಲನ್ನು ಒತ್ತಿ ಇಟ್ಟುಕೊಂಡೆ. ಅಂದು ದಾರಿಯಲ್ಲಿ ಅರಿವಳಿಕೆಯ ಡಾಕ್ಟರು ಮನೆಗೆ ಫೋನು ಮಾಡಿ ತಾಯಿಯ ಜೊತೆ ಅವರ ಮನೆಮಾತಿನಲ್ಲಿ, "ಆನು ಸಂಜೆಗೆ ಬರ್ತೆ, ಮಧ್ಯಾಹ್ನ ಊಟಕ್ಕೆ ಇಲ್ಲೆ" ಎನ್ನುತ್ತಿದ್ದ. ಗಾಡಿ ಓಡಿಸುವಾಗ ಫೋನಿನಲ್ಲಿ ಮಾತಾಡಬಾರದು ಎಂದು ನಾನು ಉಪದೇಶ ಮಾಡಿದೆ. ಯಲ್ಲಾಪುರ ಬರುವವರೆಗೂ ಕಾಲು ಹಿತವಾಗಿಯೇ ಇತ್ತು.

ಆಪರೇಷನ್ ಕೋಣೆಯ ಹೊರಬಾಗಿಲಲ್ಲಿ ಒಂದು ಕೆಂಪು ಗೆರೆ ಇದೆ. ಹೊರಗಿನ ಚಪ್ಪಲಿ, ಕಾಲ್ಚೀಲ ಎಲ್ಲ ಗೆರೆಯ ಈಚೆ. ಒಳಗಿನ ರಬ್ಬರು ಚಪ್ಪಲಿಗೆ ಬರಿಗಾಲಿನಲ್ಲೇ ಕಾಲಿಡಬೇಕು. ಈ ನಿಯಮವನ್ನು ಅಲ್ಲಿ ಬರೆದು ಹಾಕಿಸಿದವಳು ನಾನೇ. ಬೆಂಚಿನ ಮೇಲೆ ಕೂತು ಬಲಗಾಲಿನ ಕಾಲ್ಚೀಲ ಎಳೆದರೆ ಅದು ಒದ್ದೆಯಾಗಿತ್ತು. ಚೀಲ ಸೋರಿದೆ ಎಂದುಕೊಂಡೆ, ಆಗಲೂ ಚೀಲದ್ದೇ ತಪ್ಪು. ಕಾಲು ಮಗುಚಿ ನೋಡಿದರೆ ಹೆಬ್ಬೆರಳಿನ ಬುಡದಿಂದ ಪಕ್ಕದ ಬೆರಳಿನವರೆಗೆ ದೊಡ್ಡ ಬೊಬ್ಬೆ ಎದ್ದು ಒಡೆದಿತ್ತು. ಸಿಪ್ಪೆಯ ಹಾಗೆ ಚರ್ಮ ಜೋತಾಡುತ್ತಿತ್ತು. ನೋವು ಎಳ್ಳಷ್ಟೂ ಇರಲಿಲ್ಲ.

ಯಾರೋ ಬರುವ ಸದ್ದಾಯಿತು. ನಾನು ಕಾಲ್ಚೀಲವನ್ನು ಮತ್ತೆ ಏರಿಸಿಕೊಂಡೆ. ಯೋಚಿಸಿ ಮಾಡಿದ್ದಲ್ಲ, ಬಟ್ಟೆ ಜಾರಿದಾಗ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ. ಬಂದವಳು ನರ್ಸು. ನನ್ನ ಕಾಲು ನೋಡಿ, ನಿಯಮ ಮಾಡಿದವರೇ ಹೀಗೆ ಮಾಡಿದರೆ ಹೇಗೆ ಎನ್ನುವಂತೆ ಹುಬ್ಬೇರಿಸಿದಳು. ಚಳಿ ಕಣಮ್ಮಾ ಎಂದೆ. ಅವಳು ಒಗೆದ ಕಾಲ್ಚೀಲ ಒಂದು ಜೊತೆ ತಂದುಕೊಟ್ಟು, ಡಾಕ್ಟ್ರಮ್ಮನಿಗೂ ವಯಸ್ಸಾಯಿತು ಎಂದು ನಕ್ಕಳು. ಚಳಿಗಾಲದಲ್ಲಿ ಕಾಲ್ಚೀಲ ಹಾಕಿಕೊಂಡವರನ್ನು ಯಾರೂ ಹೆಚ್ಚು ಕೇಳುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು.

ಆ ಮೇಲಿನ ದಿನಗಳನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಬೆಳಿಗ್ಗೆ ಬಚ್ಚಲ ಬಾಗಿಲ ಚಿಲಕ ಹಾಕಿಕೊಂಡು, ನೆಲದ ಮೇಲೆ ಕೂತು, ಕನ್ನಡಿಯನ್ನು ಗೋಡೆಗೆ ಒರಗಿಸಿ ನನ್ನ ಅಂಗಾಲನ್ನು ನಾನೇ ತೊಳೆದು ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಸ್ನಾನಕ್ಕೆ ಇಷ್ಟು ಹೊತ್ತೇಕೆ ಎಂದು ಹೊರಗಿನಿಂದ ನಮ್ಮ ಮನೆಯವರು ಕೇಳಿದರೆ, ಚಳಿಗಾಲದಲ್ಲಿ ಬಿಸಿನೀರು ಬಿಟ್ಟು ಏಳಲು ಮನಸ್ಸು ಬರುವುದಿಲ್ಲ ಎನ್ನುತ್ತಿದ್ದೆ. ಪಾಪ, ಗ್ಯಾಸ್ ಮುಗಿದೀತು ಎಂದು ಹೇಳದೆ ಸುಮ್ಮನಾಗುತ್ತಿದ್ದರು. ಅವರಿಗೆ ಹೇಳಿದ್ದರೆ ಏನಾಗುತ್ತಿತ್ತು? ಆಸ್ಪತ್ರೆಗೆ ಹೊರಡಲು ನಮ್ಮ ಕಾರಿನ ಕೀಲಿ ಹುಡುಕುತ್ತಿದ್ದರು, ಅಷ್ಟೇ. ಆದರೆ ಅಂಗಡಿಯವ ಟೋಪಿ ಹಾಕಿದ್ದಾನೆ ಎಂದ ಬಾಯಿಂದ ಇದನ್ನು ಹೇಳಲು ನನಗೆ ಆಗಲಿಲ್ಲ.

ಕೆಲವೇ ದಿನಗಳಲ್ಲಿ ಎರಡನೆಯ ಬೆರಳು ಕೆಂಪಗೆ ಊದಿಕೊಂಡು ಕಾಲುಂಗುರ ಅದರಲ್ಲಿ ಸಿಕ್ಕಿಕೊಂಡಿತು. ಸೋಪು ಹಚ್ಚಿದರೂ ಜಾರಲಿಲ್ಲ. ಬೆರಳಿಗೆ ದಾರವನ್ನು ಬಿಗಿಯಾಗಿ ಸುತ್ತಿ, ಒಳತುದಿಯನ್ನು ಉಂಗುರದಡಿ ತೂರಿಸಿ, ಒಂದೊಂದೇ ಸುತ್ತು ಬಿಚ್ಚುತ್ತ ಬಂದರೆ ಉಂಗುರ ತಾನಾಗಿ ಹೊರಬರುತ್ತದೆ. ಎಷ್ಟೋ ಜನರಿಗೆ ಹೀಗೆ ತೆಗೆದಿದ್ದೇನೆ, ಅವರು ಅಯ್ಯೋ ಅವ್ವಾ ಎಂದು ಒದ್ದಾಡುತ್ತಾರೆ. ಆಪರೇಷನ್ನಿನ ದಾರವನ್ನೇ ತಂದು ನನ್ನ ಬೆರಳಿಗೆ ಸುತ್ತಿ ಬಿಚ್ಚಿದೆ. ಉಂಗುರ ಬಂತು, ಜೊತೆಗೆ ಚರ್ಮವೂ ಬಂತು. ನಾನು ಅದನ್ನು ಬೇರೆಯವರ ಕಾಲು ನೋಡುವಂತೆ ನೋಡುತ್ತ ಕೂತೆ. ಅಂದು ಮೊದಲ ಸಲ ಹೆದರಿಕೆಯಾಯಿತು.

ಹೆದರಿಕೆಯಾದರೂ ಮಂಗಳವಾರ ಸಿದ್ದಾಪುರಕ್ಕೆ ಹೋದೆ, ಅಲ್ಲಿ ಕೆಲಸವನ್ನೂ ಮಾಡಿದೆ. ಸಣ್ಣ ಕೆಲಸಗಳು, ಮೇಲ್ಮೇಲಿನವು. ಗಾಯ ಕಾಲಿನಲ್ಲಿದೆ, ಕೈ ಶುದ್ಧವಿದೆ, ಕಾಲ್ಚೀಲವಿದೆ ಎಂದು ನನಗೆ ನಾನೇ ವಕೀಲಳಾದೆ. ಹುಣ್ಣು ಇಟ್ಟುಕೊಂಡವರು ಆಪರೇಷನ್ ಕೋಣೆಗೆ ಕಾಲಿಡಬಾರದು ಎಂದು ಎಷ್ಟೋ ಜನರನ್ನು ಹೊರಗೆ ಅಟ್ಟಿದವಳು ನಾನು. ಒಮ್ಮೆ ಬೆರಳಿಗೆ ಕುರುವಾಗಿದ್ದ ನರ್ಸನ್ನು ವಾರಗಟ್ಟಲೆ ಒಳಗೆ ಬಿಟ್ಟಿರಲಿಲ್ಲ. ಆ ಸಿದ್ದಾಪುರದ ರೋಗಿಗಳಿಗೆ ಆಮೇಲೆ ಯಾವ ತೊಂದರೆಯೂ ಆಗಲಿಲ್ಲ. ಅದು ಅವರ ಪುಣ್ಯ, ನನ್ನ ಜಾಣತನವಲ್ಲ.

ಕುಂಟುವುದನ್ನು ಅರಿವಳಿಕೆಯ ಡಾಕ್ಟರು ಕಂಡುಹಿಡಿದ.

"ಎಂತ ಮೇಡಂ, ಕಾಲಿಗೆ ಎಂತ ಆಯ್ತು?"

"ಹಿಮ್ಮಡಿ ಒಡೆದಿದೆ."

ಮರುದಿನವೇ ಮತ್ತಿಘಟ್ಟದಿಂದ ಅವನ ತಾಯಿ ಕಾಸಿದ ಮುರುಗಲ ತುಪ್ಪದ ಉಂಡೆಯನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ತಂದ. "ಅಮ್ಮ ಹೇಳಿದ್ದಾಳೆ, ಬೆಚ್ಚಗೆ ಮಾಡಿ ಹಚ್ಚಿಕೊಳ್ಳಬೇಕಂತೆ, ದಿನಾ ಮಲಗುವಾಗ" ಎಂದ. ನಾನು ಅದನ್ನು ಹಣೆಗೊತ್ತಿಕೊಂಡು ಪರ್ಸಿಗೆ ಹಾಕಿಕೊಂಡೆ. ಕಂಡು ಕೇಳದ ನನ್ನ ಹಿಮ್ಮಡಿಗಾಗಿ ಆ ತಾಯಿ ಒಲೆಯ ಮುಂದೆ ಕೂತಿದ್ದರು, ನಾನು ಆಕೆಯ ಮಗನಿಗೆ ಸುಳ್ಳು ಹೇಳುತ್ತಿದ್ದೆ. ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಕಸಿಯ ದಿನ ಬಂತು. ಆ ಹೆಂಗಸಿನ ಗಾಯ ಚೆನ್ನಾಗಿ ಕೆಂಪಗಾಗಿತ್ತು, ಇನ್ನು ತಡಮಾಡುವ ಹಾಗಿರಲಿಲ್ಲ. ಶಿರಸಿಯ ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಗ್ಗಿದೆ. ವಾಸನೆ ಬಂತು. ಪಟ್ಟಿ ಬಿಚ್ಚುವ ಮೊದಲೇ ಬಂತು. ಸಕ್ಕರೆಯವರ ಕಾಲು ಕೊಳೆಯುವ ಆ ವಾಸನೆ ನನಗೆ ಹೊಸದಲ್ಲ. ವಾರ್ಡಿನ ಬಾಗಿಲಲ್ಲಿ ನಿಂತೇ ಯಾವ ಮಂಚದಿಂದ ಬರುತ್ತಿದೆ ಎಂದು ಹೇಳಬಲ್ಲೆ. ಈ ಸಲ ಸುತ್ತ ನೋಡಿದರೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ಕಸಿ ಮಾಡಿದ ಚರ್ಮ ಬಹಳ ನಾಜೂಕು. ಹಾಳೆಯಷ್ಟು ತೆಳ್ಳಗಿನದನ್ನು ಗಾಯದ ಮೇಲೆ ಹಾಸಿರುತ್ತೇವೆ, ಅದು ಕೆಳಗಿನ ರಕ್ತ ಕುಡಿದು ಬೇರು ಬಿಡುವವರೆಗೆ ಯಾವ ಹೊಲಸೂ ತಾಗಬಾರದು. ಹೊಲಸು ಕ್ರಿಮಿ ಸೇರಿದರೆ ಹಾಸಿದ ಚರ್ಮ ಕರಗಿ ಪಟ್ಟಿಯ ಜೊತೆ ಎದ್ದುಬರುತ್ತದೆ. ನನ್ನ ಕಾಲಿನಲ್ಲಿ ಆ ಹೊಲಸು ಇತ್ತು, ಒಳಗೆ ಅವರ ಕಾಲು ತೊಳೆದು ಸಿದ್ಧವಾಗಿ ಕಾಯುತ್ತಿತ್ತು. ಇಲ್ಲಿಯ ಬಾಗಿಲಲ್ಲೂ ಕೆಂಪು ಗೆರೆ ಇದೆ, ನಾನು ಅದರ ಈಚೆ ನಿಂತೆ. ಒಳಗೆ ಹೋಗಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ನಿಜ ಹೇಳುವಷ್ಟು ಇರಲಿಲ್ಲ. ಅರಿವಳಿಕೆಯವನನ್ನು ಬಾಗಿಲಿಗೆ ಕರೆದು, ನನಗೆ ಜ್ವರ, ಇವತ್ತು ಆಗುವುದಿಲ್ಲ, ಮುಂದಕ್ಕೆ ಹಾಕಿ ಎಂದು ಹೇಳಿ, ಅವನು ಮುಖ ನೋಡುವುದರೊಳಗೆ ನನ್ನ ಕೋಣೆಗೆ ಬಂದು ಕೂತೆ.

ಉಪವಾಸವಿದ್ದ ಆ ಹೆಂಗಸನ್ನು ಮೇಜಿನಿಂದ ಇಳಿಸಿ ಮತ್ತೆ ವಾರ್ಡಿಗೆ ಒಯ್ದರು.

ಸ್ವಲ್ಪ ಹೊತ್ತಿಗೆ ಅವರ ಸೊಸೆ ಬಂದಳು. ಬಾಗಿಲಲ್ಲೇ ಕೈಮುಗಿದು ನಿಂತಳು.

"ಬಾಯಾರ, ಅತ್ತಿ ಅಳಾಕತ್ಯಾರ್ರೀ. ಬಾಯಾರಿಗೆ ನನ್ನ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ, ಅದಕ್ಕ ಬ್ಯಾಡಂದ್ರು ಅಂತಾರ್ರಿ. ಇನ್ನ ಒಲಿ ಮುಂದ ಕುಂದ್ರಂಗಿಲ್ಲ ಅಂತ ಆಣಿ ಮಾಡ್ತೀನಿ, ಹೋಗಿ ಹೇಳು ಅಂದ್ರು. ನೀವು ಒಂದ ಮಾತು ಬಂದು ಹೇಳಿದ್ರ ಉಣ್ತಾರ್ರಿ. ಇಲ್ಲಂದ್ರ ಉಣ್ಣಂಗಿಲ್ಲ ಅಂತ ಕುಂತಾರ."

ಜ್ವರವೆಂದು ಯಾರೂ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರಂತೆ. ಅತ್ತೆ ನಂಬಲಿಲ್ಲವಂತೆ. ಬೆಳಿಗ್ಗೆ ಪಟ್ಟಿ ನೋಡಲು ಬಂದಾಗ ಬಾಯಾರು ಚಂದ ಮಾತಾಡಿದ್ದರು, ಜ್ವರ ಎಲ್ಲಿಂದ ಬಂತು ಎಂದರಂತೆ.

ಸುಳ್ಳು ಹೇಳಿದ್ದು ನಾನು, ಅದನ್ನು ತಮ್ಮ ತಪ್ಪೆಂದು ಅಳುತ್ತಿದ್ದವರು ಅವರು. ಇದಕ್ಕಿಂತ ಕೆಳಗೆ ಇಳಿಯಲು ನನಗೆ ಜಾಗವಿರಲಿಲ್ಲ. ಸೊಸೆಯನ್ನು ಕಳಿಸಿ ಅರಿವಳಿಕೆಯವನನ್ನು ಕರೆಸಿದೆ, ಬಾಗಿಲು ಹಾಕು ಎಂದೆ, ಕಾಲ್ಚೀಲ ತೆಗೆದೆ. ಅವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ. ಎಷ್ಟು ದಿನವಾಯಿತು ಎಂದು ಕೇಳಿದ. ಹೇಳಿದೆ. ಸಿದ್ದಾಪುರಕ್ಕೆ ಮೊದಲೋ ಆಮೇಲೋ ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ನನ್ನ ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ಅಮ್ಮ ಕೇಳ್ತಿದ್ದಳು, ತುಪ್ಪ ಹಚ್ಚಿದ ಮೇಲೆ ಕಡಿಮೆ ಆಯ್ತಾ ಅಂತ" ಎಂದ. ಆಮೇಲೆ ಎದ್ದು, ಫೋನು ತೆಗೆದು, ಪೇಟೆಯ ಇನ್ನೊಬ್ಬ ಸರ್ಜನ್ನರಿಗೆ ಎರಡು ವಿಷಯ ಹೇಳಿದ. ಒಂದು ಆ ಹೆಂಗಸಿನ ಕಸಿ, ಇನ್ನೊಂದು ನನ್ನ ಕಾಲು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಆ ಸರ್ಜನ್ ಬಂದು ಕಸಿ ಮಾಡಿದರು, ಅದು ಚೆನ್ನಾಗಿ ಕೂಡಿಕೊಂಡಿತು. ನನ್ನ ಎರಡನೆಯ ಬೆರಳನ್ನು ಅವರೇ ತೆಗೆದರು, ಪಾದ ಉಳಿಯಿತು. ಚಳಿಗಾಲ ಮುಗಿಯುವವರೆಗೆ ನಾನು ಯಾವ ಊರಿಗೂ ಹೋಗಲಿಲ್ಲ. ನಮ್ಮ ಮನೆಯವರು ಬಿಸಿನೀರಿನ ಚೀಲದ ಬಗ್ಗೆ ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಆ ಮಧ್ಯಾಹ್ನ ಇದೆಲ್ಲ ಇನ್ನೂ ಆಗಿರಲಿಲ್ಲ, ನಾನು ವಾರ್ಡಿಗೆ ಹೋಗಬೇಕಾಗಿತ್ತು.

ಹೆಂಗಸರ ವಾರ್ಡಿನಲ್ಲಿ ಊಟದ ಹೊತ್ತು. ನಾನು ಕುಂಟುತ್ತ ಒಳಗೆ ಹೋದೆ. ಆಕೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ತಟ್ಟೆ ಮುಚ್ಚಿದ ಹಾಗೆಯೇ ಇತ್ತು. ನನ್ನನ್ನು ಕಂಡು ಗಡಬಡಿಸಿ ಸೆರಗು ಸರಿಮಾಡಿಕೊಂಡು ಕೈಮುಗಿದರು.

"ನಿಮ್ಮ ಮ್ಯಾಲ ಸಿಟ್ಟಿಲ್ಲವ್ವಾ" ಎಂದೆ. ಅದಷ್ಟರಿಂದ ಅವರಿಗೆ ಏನೂ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು, ಮಂಚದ ಕಂಬಿ ಹಿಡಿದುಕೊಂಡು ಕಾಲು ಎತ್ತಿ ತೋರಿಸಿದೆ. "ನನ್ನ ಕಾಲೂ ಸುಟ್ಟೈತಿ. ಬಿಸಿನೀರಿನ ಚೀಲದ ಮ್ಯಾಲ ಇಟ್ಟಿದ್ದೆ. ಸುಡಾಕತ್ತಿದ್ದು ಗೊತ್ತಾಗಲಿಲ್ಲ. ನನಗೂ ಸಕ್ರಿ ಐತಿ. ಈಗ ಕೀವು ತುಂಬೇತಿ, ಇಂಥಾ ಕಾಲು ಇಟಗೊಂಡು ನಿಮ್ಮ ಕಾಲು ಮುಟ್ಟಬಾರದು. ಜ್ವರ ಅಂತ ಸುಳ್ಳು ಹೇಳಿದೆ."

ಪಕ್ಕದ ಮಂಚದವರು ಕತ್ತು ಚಾಚಿ ನೋಡಿದರು. ಯಾರಾದರೂ ನಗುತ್ತಾರೆ ಎಂದು ಕಾದೆ. ನಕ್ಕಿದ್ದರೆ ನನಗೆ ಸಲೀಸಾಗುತ್ತಿತ್ತು. ಯಾರೂ ನಗಲಿಲ್ಲ. ಆಕೆ ಕಣ್ಣು ಕಿರಿದು ಮಾಡಿ ನನ್ನ ಅಂಗಾಲನ್ನೇ ನೋಡಿದರು, ಮಗುವಿನ ಕಾಲಿಗೆ ಮುಳ್ಳು ಚುಚ್ಚಿದಾಗ ನೋಡುವಂತೆ ಹತ್ತಿರ ಬಗ್ಗಿ ನೋಡಿದರು.

"ಯಾರು ಬೈದ್ರೀ ನಿಮಗ?" ಎಂದು ಕೇಳಿದರು.

ಚುಚ್ಚಬೇಕೆಂದು ಕೇಳಿದ್ದಲ್ಲ. ಕಾಲು ಸುಟ್ಟುಕೊಂಡವರನ್ನು ಯಾರಾದರೂ ಬೈದೇ ಬೈಯುತ್ತಾರೆ, ಅದೂ ಔಷಧದ ಒಂದು ಭಾಗ ಎಂದು ಆಕೆ ನಿಜವಾಗಿಯೂ ತಿಳಿದಿದ್ದರು. ಹಾಗೆ ತಿಳಿಸಿದವಳು ನಾನೇ.

"ಯಾರೂ ಬೈದಿಲ್ಲವ್ವಾ."

"ಛಲೋ ಆತು ಬಿಡ್ರಿ" ಎಂದರು. ಪಟ್ಟಿ ಕಟ್ಟಿದ ತಮ್ಮ ಕಾಲನ್ನು ಎರಡೂ ಕೈಯಿಂದ ಎತ್ತಿ ಆಚೆ ಸರಿಸಿ ಮಂಚದ ಮೇಲೆ ಜಾಗ ಮಾಡಿದರು. "ಕುಂದರ್ರಿ. ಆ ಕಾಲ ಮ್ಯಾಲ ನಿಂದರಬ್ಯಾಡ್ರಿ."

ಕೂತೆ. ಸೊಸೆ ತಟ್ಟೆಯ ಮುಚ್ಚಳ ತೆಗೆದಳು. ಆಕೆ ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು.

"ಕಾಲು ಸುಟ್ಟದ್ದು ನನಗೂ ಗೊತ್ತಾಗಿದ್ದಿಲ್ರಿ ಬಾಯಾರ. ಅವತ್ತು ಅಷ್ಟು ಮಂದಿ ಮುಂದ ನೀವು ಅಂದದ್ದು ಮಾತ್ರ ಗೊತ್ತಾತು."

ತಪ್ಪಾತವ್ವಾ ಎಂದೆ. ಆ ಮಾತು ಆಡಿ ನನಗೆ ರೂಢಿಯಿಲ್ಲ, ದನಿ ಸರಿಯಾಗಿ ಹೊರಡಲಿಲ್ಲ. ಆಕೆಗೆ ಕೇಳಿಸಿತೋ ಇಲ್ಲವೋ ತಿಳಿಯದು. ಎರಡನೆಯ ಸಲ ಹೇಳಲು ಧೈರ್ಯ ಸಾಲದೆ, ಆಕೆ ಊಟ ಮುಗಿಸುವವರೆಗೆ ಅಲ್ಲೇ ತಲೆ ತಗ್ಗಿಸಿಕೊಂಡು ಕೂತಿದ್ದೆ.